ಪಕ್ ಯಾರ ಬಳಿ, ಯಾರ ಜೊತೆ ಯಾರು: ಐಸ್ ಹಾಕಿಯ ಲೆಕ್ಕ ಬೆಳೆದ ಬಗೆ

ಪಂದ್ಯದ ದಿನ ಐಸ್ ಹಾಕಿ ಕೋಚ್ ಒಬ್ಬನ ಕೈಯಲ್ಲಿ, ಗೋಲ್‌ಕೀಪರ್‌ಗಳನ್ನು ಬಿಟ್ಟರೆ, 18 ಆಟಗಾರರಿರುತ್ತಾರೆ. ಸಾಮಾನ್ಯವಾಗಿ 12 ಫಾರ್ವರ್ಡ್‌ಗಳು, 6 ಡಿಫೆಂಡರ್‌ಗಳು. ಫಾರ್ವರ್ಡ್‌ಗಳನ್ನು ಮೂವರು ಮೂವರಂತೆ ನಾಲ್ಕು ಲೈನ್‌ಗಳಾಗಿ, ಡಿಫೆಂಡರ್‌ಗಳನ್ನು ಇಬ್ಬಿಬ್ಬರಂತೆ ಮೂರು ಜೋಡಿಗಳಾಗಿ ಹಂಚಬೇಕು. ಒಂದು ಲೈನ್ ಮುಕ್ಕಾಲು ನಿಮಿಷದಷ್ಟು ಹೊತ್ತು ಉಸಿರು ಕಟ್ಟುವಂತೆ ಆಡಿ ಬೆಂಚಿಗೆ ಮರಳುತ್ತದೆ, ಆಟ ನಿಲ್ಲದೆಯೇ ಇನ್ನೊಂದು ಲೈನ್ ಮಂಜಿಗೆ ಇಳಿಯುತ್ತದೆ. 12 ಫಾರ್ವರ್ಡ್‌ಗಳನ್ನು ಮೂವರ ನಾಲ್ಕು ಗುಂಪು ಮಾಡಲು 15,400 ದಾರಿಗಳಿವೆ. ಡಿಫೆಂಡರ್ ಜೋಡಿಗಳ 15 ದಾರಿಗಳನ್ನೂ ಸೇರಿಸಿದರೆ ಲೆಕ್ಕ 2,31,000ಕ್ಕೆ ಏರುತ್ತದೆ. ಇಷ್ಟರಲ್ಲಿ ಯಾವುದು ಸರಿ ಎಂಬುದನ್ನು ಕೋಚ್‌ಗಳು ಬಹುಕಾಲ ಕಣ್ಣಳತೆಯಿಂದ, ಅನುಭವದಿಂದ, ಹಿಂದಿನ ರಾತ್ರಿಯ ಸೋಲಿನ ಸಿಟ್ಟಿನಿಂದಲೂ ತೀರ್ಮಾನಿಸುತ್ತಿದ್ದರು.

ಆ ತೀರ್ಮಾನಕ್ಕೆ ಅಂಕಿಗಳ ಆಸರೆ ಸಿಕ್ಕ ಬಗೆಯನ್ನು ನೋಡಿದರೆ ಎರಡು ಪ್ರಶ್ನೆಗಳು ಉದ್ದಕ್ಕೂ ಜೊತೆಯಲ್ಲೇ ಸಾಗಿ ಬಂದಿರುವುದು ಕಾಣುತ್ತದೆ. ಪಕ್, ಅಂದರೆ ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ, ಹೆಚ್ಚು ಹೊತ್ತು ಯಾರ ಬಳಿ ಇತ್ತು ಎಂಬುದು ಒಂದು. ಅದು ಯಾರ ದೆಸೆಯಿಂದ ಎಂಬುದು ಇನ್ನೊಂದು. ಮೊದಲ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಕ್ಕಿದೆ. ಎರಡನೆಯದೇ ನಿಜವಾಗಿ ಕಷ್ಟದ್ದು, ತಂಡ ಕಟ್ಟುವವರಿಗೆ ಹೆಚ್ಚು ಬೇಕಾದದ್ದೂ ಅದೇ.

ಅಂಕಿಗಳಲ್ಲಿ ಹಳೆಯದು ಪ್ಲಸ್-ಮೈನಸ್. ಆಟಗಾರ ಮಂಜಿನ ಮೇಲಿದ್ದಾಗ ತನ್ನ ತಂಡ ಗೋಲು ಹೊಡೆದರೆ ಒಂದು ಕೂಡಿಸಬೇಕು, ಬಿಟ್ಟುಕೊಟ್ಟರೆ ಒಂದು ಕಳೆಯಬೇಕು. 1950ರ ದಶಕದಲ್ಲಿ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡ ಇದನ್ನು ತನ್ನ ಬಳಕೆಗೆ ಇಟ್ಟುಕೊಂಡಿತ್ತು. ಉತ್ತರ ಅಮೆರಿಕದ ರಾಷ್ಟ್ರೀಯ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್, 1967-68ರಿಂದ ಅಧಿಕೃತವಾಗಿ ಲೆಕ್ಕ ಹಾಕತೊಡಗಿತು. ಗೋಲು ಹೊಡೆದವನನ್ನು ಮಾತ್ರವಲ್ಲ, ಆಗ ಆಡುತ್ತಿದ್ದ ಎಲ್ಲರನ್ನೂ ಲೆಕ್ಕಕ್ಕೆ ತಂದದ್ದು ಅದರ ಹಿರಿಮೆ. ಆದರೆ ಒಳ್ಳೆಯ ಜೊತೆಗಾರರ ನಡುವೆ ಆಡುವ ಸಾಧಾರಣ ಆಟಗಾರನನ್ನೂ ಅದು ಮೇಲಕ್ಕೆತ್ತುತ್ತದೆ, ದುರ್ಬಲ ಗೋಲ್‌ಕೀಪರ್ ಇರುವ ತಂಡದ ಜಾಣ ಡಿಫೆಂಡರ್‌ನನ್ನು ತುಳಿಯುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ ಈ ಆಟದಲ್ಲಿ ಗೋಲುಗಳೇ ಕಡಿಮೆ. ಎರಡೂ ತಂಡ ಸೇರಿ ಪಂದ್ಯಕ್ಕೆ ಸುಮಾರು ಆರು. ಇಷ್ಟು ವಿರಳವಾದ ಘಟನೆಯ ಮೇಲೆ ನಿಂತ ಲೆಕ್ಕದಲ್ಲಿ ಅದೃಷ್ಟದ ಪಾಲು ಬಹಳ.

ಅದೇ ಕಾಲದಲ್ಲಿ ಅಟ್ಲಾಂಟಿಕ್‌ನ ಆಚೆ ಬೇರೊಂದು ಬಗೆಯ ಹಾಕಿ ಬೆಳೆಯುತ್ತಿತ್ತು. ಮಾಸ್ಕೋದ ಸಿಎಸ್‌ಕೆಎ ತಂಡವನ್ನೂ ಸೋವಿಯತ್ ರಾಷ್ಟ್ರೀಯ ತಂಡವನ್ನೂ ಬೆಳೆಸಿದ ಅನತೋಲಿ ತರಾಸೊವ್ ಮೂವರ ಲೈನ್ ಬದಲು ಐವರ ಘಟಕವನ್ನೇ ಒಟ್ಟಾಗಿ ಯೋಚಿಸಿದರು. ಕೆನಡಾದವರು ಎದುರಾಳಿಯ ಅಂಗಳ ಶುರುವಾಗುವ ನೀಲಿ ಗೆರೆಯ ಬಳಿ ಅಡ್ಡಿ ಬಂದರೆ ಪಕ್ಕನ್ನು ಮೂಲೆಗೆ ಎಸೆದು ಹಿಂದೆ ಓಡುತ್ತಿದ್ದರು. ಸೋವಿಯತ್ ಆಟಗಾರರು ಹಿಂದಿರುಗಿ, ಡಿಫೆಂಡರ್‌ಗೆ ಪಾಸ್ ಕೊಟ್ಟು, ಮತ್ತೆ ಕೂಡಿಕೊಂಡು ಹೊಸ ದಾರಿ ಹುಡುಕುತ್ತಿದ್ದರು. ಸಿಕ್ಕಸಿಕ್ಕಲ್ಲಿಂದ ಹೊಡೆಯುತ್ತಿರಲಿಲ್ಲ. 1972ರ ಸೆಪ್ಟೆಂಬರ್ 2ರಂದು ಮಾಂಟ್ರಿಯಲ್‌ನಲ್ಲಿ ಕೆನಡಾದ ವೃತ್ತಿಪರ ತಾರೆಯರನ್ನು ಅವರು 7-3ರಿಂದ ಸೋಲಿಸಿದಾಗ ಕೆನಡಾ ದಂಗಾಯಿತು. ಎಂಟು ಪಂದ್ಯಗಳ ಆ ಸರಣಿಯನ್ನು ಕೆನಡಾ ಕೊನೆಯ ಪಂದ್ಯದ ಕೊನೆಯ ನಿಮಿಷದಲ್ಲಿ ಗೆದ್ದುಕೊಂಡಿತು. ಆದರೂ ಪಕ್ಕನ್ನು ಕೈಬಿಡದಿರುವುದೇ ಒಂದು ಯುದ್ಧತಂತ್ರ ಎಂಬ ಪಾಠ ಉಳಿಯಿತು.

1980ರ ದಶಕದಲ್ಲಿ ಸೋವಿಯತ್ ಕೋಚ್ ವಿಕ್ಟರ್ ತಿಖೊನೊವ್ ಈ ಐವರ ಆಟವನ್ನು ಇನ್ನಷ್ಟು ಬಿಗಿ ಮಾಡಿದರು. ಕ್ರುತೊವ್, ಲರಿಯೊನೊವ್, ಮಕರೊವ್ ಮುಂದೆ. ಫೆತಿಸೊವ್, ಕಸತೊನೊವ್ ಹಿಂದೆ. ವರ್ಷಗಟ್ಟಲೆ ಒಟ್ಟಿಗೆ ಅಭ್ಯಾಸ ಮಾಡಿ, ಒಟ್ಟಿಗೆ ಮಂಜಿಗೆ ಇಳಿದ ಈ ಐವರು ಪರಸ್ಪರರ ಜಾಗಗಳನ್ನು ನೋಡದೆಯೇ ತುಂಬಬಲ್ಲವರಾಗಿದ್ದರು. ಈ ವಿದ್ಯೆ ಅಮೆರಿಕಕ್ಕೆ ಬಂದದ್ದು 1995ರ ಅಕ್ಟೋಬರ್‌ನಲ್ಲಿ. ಡೆಟ್ರಾಯ್ಟ್ ರೆಡ್ ವಿಂಗ್ಸ್‌ನ ಕೋಚ್ ಸ್ಕಾಟಿ ಬೌಮನ್ ತನ್ನ ಬಳಿಯಿದ್ದ ಫೆದೊರೊವ್, ಕೊಜ್ಲೊವ್, ಫೆತಿಸೊವ್, ಕನ್‌ಸ್ಟಂಟಿನೊವ್ ಜೊತೆಗೆ ಆಗಷ್ಟೇ ತಂಡಕ್ಕೆ ಬಂದ ಲರಿಯೊನೊವ್‌ನನ್ನು ಸೇರಿಸಿ ಐವರನ್ನೂ ಒಂದೇ ಘಟಕವಾಗಿ ಇಳಿಸಿದರು. ಡೆಟ್ರಾಯ್ಟ್ ಆ ಋತುವಿನಲ್ಲಿ 62 ಪಂದ್ಯ ಗೆದ್ದಿತು, 1997ರಲ್ಲಿ ಲೀಗ್‌ನ ಅಂತಿಮ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಎತ್ತಿತು. ಈ ಜೋಡಣೆಗೆ ಬೌಮನ್ ಬಳಿ ಕಂಪ್ಯೂಟರ್ ಪಟ್ಟಿಯೇನೂ ಇರಲಿಲ್ಲ. ಯಾರ ಮನಸ್ಸು ಯಾರ ಜೊತೆ ಓಡುತ್ತದೆ ಎಂಬ ಗುರುತು ಮಾತ್ರ ಇತ್ತು. ಇಂದಿನ ಯಾವ ಸೂತ್ರವೂ ಆ ಗುರುತನ್ನು ಪೂರ್ತಿ ಹಿಡಿದಿಲ್ಲ ಎಂದೇ ನನ್ನ ಅಭಿಪ್ರಾಯ.

ಎಣಿಕೆಯ ಹೊಸ ಯುಗ ಶುರುವಾದದ್ದು ಗೋಲ್‌ಕೀಪರ್ ಒಬ್ಬರ ದಣಿವಿನ ಚಿಂತೆಯಿಂದ. ಜಿಮ್ ಕೋರ್ಸಿ ಮಾಂಟ್ರಿಯಲ್‌ನವರು, ಸ್ವತಃ ಗೋಲ್‌ಕೀಪರ್ ಆಗಿದ್ದವರು, ಇಟಲಿಯ ರಾಷ್ಟ್ರೀಯ ತಂಡಕ್ಕೂ ಆಡಿದವರು. ಬಫಲೋ ಸೇಬರ್ಸ್ ತಂಡದಲ್ಲಿ ಗೋಲ್‌ಕೀಪರ್‌ಗಳ ಕೋಚ್ ಆಗಿದ್ದಾಗ ಅವರಿಗೆ ಒಂದು ಲೆಕ್ಕ ಸಾಲದೆನಿಸಿತು. ಅಧಿಕೃತ ಪಟ್ಟಿ ಗೋಲಿಗೆ ನೇರ ಬಂದ ಹೊಡೆತಗಳನ್ನು ಮಾತ್ರ ಎಣಿಸುತ್ತಿತ್ತು. ಆದರೆ ಎದುರಾಳಿ ಸ್ಟಿಕ್ ಎತ್ತಿದ ಕ್ಷಣದಲ್ಲೇ ಗೋಲ್‌ಕೀಪರ್ ಬಾಗಿ, ಸ್ನಾಯು ಬಿಗಿದು ನಿಲ್ಲಬೇಕು. ಹೊಡೆತ ಪಕ್ಕಕ್ಕೆ ಹೋದರೂ, ನಡುವೆ ಯಾರಾದರೂ ತಡೆದರೂ ಅವನ ಶ್ರಮ ಅಷ್ಟೇ. ಹಾಗಾಗಿ ಕೋರ್ಸಿ ಎಲ್ಲ ಯತ್ನಗಳನ್ನೂ ಕೂಡಿಸಿದರು: ಗೋಲಾದದ್ದು, ಗೋಲ್‌ಕೀಪರ್ ತಡೆದದ್ದು, ಗುರಿ ತಪ್ಪಿದ್ದು, ಡಿಫೆಂಡರ್‌ಗೆ ಬಡಿದದ್ದು.

ಬಫಲೋದ ಆಡಳಿತಗಾರರು ರೇಡಿಯೊದಲ್ಲಿ ಈ ಬಗೆಯ ಎಣಿಕೆಯ ಬಗ್ಗೆ ಮಾತಾಡಿದ್ದು ಟಿಮ್ ಬಾರ್ನ್ಸ್ ಎಂಬ ಎಡ್ಮಂಟನ್ ಆಯ್ಲರ್ಸ್ ಅಭಿಮಾನಿಯ ಕಿವಿಗೆ ಬಿತ್ತು. ವಿಕ್ ಫೆರಾರಿ ಎಂಬ ಗುಪ್ತನಾಮದಲ್ಲಿ ಬರೆಯುತ್ತಿದ್ದ ಬಾರ್ನ್ಸ್ ಲೆಕ್ಕವನ್ನು ತಿರುಗಿಸಿದರು. ಗೋಲ್‌ಕೀಪರ್‌ನ ಶ್ರಮ ಅಳೆಯುವ ಬದಲು, ಒಂದು ತಂಡದ ಯತ್ನಗಳನ್ನು ಎದುರಾಳಿಯ ಯತ್ನಗಳ ಪಕ್ಕದಲ್ಲಿಟ್ಟು ನೋಡಿದರು. ಪಕ್ ಬಳಿಯಿಲ್ಲದವನು ಹೊಡೆಯಲಾರ. ಎದುರಾಳಿಯ ಅಂಗಳದಲ್ಲಿ ಇಲ್ಲದವನು ಹೊಡೆಯುವುದು ಅಪರೂಪ. ಆದ್ದರಿಂದ ಹೊಡೆತದ ಯತ್ನಗಳ ಪಾಲೇ ಪಕ್ ಹಿಡಿತದ ಪಾಲನ್ನು ತೋರಿಸುತ್ತದೆ. ಒಂದು ತಂಡ 55 ಯತ್ನ ಮಾಡಿ ಎದುರಾಳಿಗೆ 45 ಬಿಟ್ಟುಕೊಟ್ಟರೆ ಅದರ ಕೋರ್ಸಿ ಶೇ. 55. ಐವರ ಎದುರು ಐವರು ಆಡುವ ಹೊತ್ತನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು ವಾಡಿಕೆ. ಕೋರ್ಸಿಯವರ ಮೀಸೆ ಮೆಚ್ಚಿ ಬಾರ್ನ್ಸ್ ಅವರ ಹೆಸರಿಟ್ಟರು ಎಂಬುದು ಈ ಕ್ಷೇತ್ರದ ಎಲ್ಲರಿಗೂ ಗೊತ್ತಿರುವ ಕಥೆ. ಕ್ಯಾಲ್ಗರಿ ಫ್ಲೇಮ್ಸ್ ಅಭಿಮಾನಿ ಮ್ಯಾಟ್ ಫೆನ್‌ವಿಕ್, ಹೊಡೆತ ತಡೆಯುವುದೂ ಒಂದು ಕೌಶಲ ಎಂದು ವಾದಿಸಿ ತಡೆದ ಹೊಡೆತಗಳನ್ನು ಬಿಟ್ಟರು. ಆ ಅಳತೆಗೆ ಅವರ ಹೆಸರೇ ನಿಂತಿತು.

ಗೋಲು ಬಿಟ್ಟು ಯತ್ನ ಎಣಿಸುವುದರಿಂದ ಏನು ಲಾಭ? ಪಂದ್ಯಕ್ಕೆ ಆರು ಗೋಲಾದರೆ, ಎರಡೂ ತಂಡಗಳ ಹೊಡೆತದ ಯತ್ನಗಳು ನೂರು ದಾಟುತ್ತವೆ. ಮಾದರಿ ದೊಡ್ಡದಾದಂತೆ ಅದೃಷ್ಟ ತಗ್ಗುತ್ತದೆ. ಋತುವಿನ ಮೊದಲರ್ಧದ ಗೋಲು ವ್ಯತ್ಯಾಸಕ್ಕಿಂತ ಯತ್ನಗಳ ಪಾಲೇ ಎರಡನೆಯ ಅರ್ಧವನ್ನು ಚೆನ್ನಾಗಿ ಊಹಿಸುತ್ತದೆ ಎಂಬುದು ಒಬ್ಬರಾದ ಮೇಲೊಬ್ಬರು ಮಾಡಿದ ಲೆಕ್ಕದಲ್ಲಿ ಸ್ಪಷ್ಟವಾಯಿತು. ಅದರ ಜೊತೆಗೆ ಇನ್ನೊಂದು ಸರಳ ಅಂಕಿ ಹುಟ್ಟಿತು: ತಂಡದ ಹೊಡೆತಗಳಲ್ಲಿ ಗೋಲಾಗುವ ಶೇಕಡಾ ಪಾಲು, ಅದರ ಗೋಲ್‌ಕೀಪರ್ ತಡೆಯುವ ಶೇಕಡಾ ಪಾಲು, ಇವೆರಡರ ಮೊತ್ತ. ಇಡೀ ಲೀಗ್‌ನ ಸರಾಸರಿ ನೂರೇ ಆಗಬೇಕು. ಪಿಡಿಒ ಎಂದು ಕರೆಯುವ ಈ ಮೊತ್ತ ಒಂದು ತಂಡಕ್ಕೆ 103ಕ್ಕೆ ಏರಿದ್ದರೆ ಆ ಗೆಲುವುಗಳು ಹೆಚ್ಚು ದಿನ ಬಾಳುವುದು ಅಪರೂಪ.

2011ರ ಡಿಸೆಂಬರ್‌ನಲ್ಲಿ ಮಿನೆಸೊಟಾ ವೈಲ್ಡ್ ಲೀಗ್‌ನ ತುದಿಯಲ್ಲಿತ್ತು. ಹೊಡೆತಗಳ ಲೆಕ್ಕದಲ್ಲಿ ಅದು ಎದುರಾಳಿಗಳಿಗಿಂತ ಹಿಂದಿದೆ, ಕುಸಿಯುತ್ತದೆ ಎಂದು ಎಣಿಕೆಯವರು ಎಚ್ಚರಿಸಿದ್ದರು. ವೈಲ್ಡ್ ಆ ವರ್ಷ ಕಪ್‌ಗಾಗಿ ನಡೆಯುವ ಕೊನೆಯ ಸುತ್ತುಗಳಾದ ಪ್ಲೇಆಫ್ ತಲುಪಲೇ ಇಲ್ಲ. ಅದೇ ಋತುವಿನಲ್ಲಿ ಲಾಸ್ ಏಂಜಲಿಸ್ ಕಿಂಗ್ಸ್ ಇಡೀ ಲೀಗ್‌ನಲ್ಲೇ ಅತಿ ಕಡಿಮೆ ಗೋಲು ಹೊಡೆದ ತಂಡಗಳಲ್ಲಿ ಒಂದು. ಆದರೆ ಪಕ್ ಹಿಡಿತದಲ್ಲಿ ಬಲಿಷ್ಠ. ತನ್ನ ಗುಂಪಿನ ಎಂಟನೆಯ ಹಾಗೂ ಕೊನೆಯ ಸ್ಥಾನ ಹಿಡಿದು ಪ್ಲೇಆಫ್‌ಗೆ ಬಂದ ಆ ತಂಡ 16 ಗೆದ್ದು 4 ಸೋತು ಸ್ಟ್ಯಾನ್ಲಿ ಕಪ್ ತೆಗೆದುಕೊಂಡಿತು. 2014ರಲ್ಲಿ ಮತ್ತೊಮ್ಮೆ ಗೆದ್ದಿತು. 2013-14ರಲ್ಲಿ 112 ಅಂಕ ಗಳಿಸಿದ ಕೊಲೊರಾಡೊ ಅವಲಾಂಚ್ ಮೇಲೂ ಇದೇ ವಾದ ನಡೆಯಿತು. ಎದುರಾಳಿಗಳೇ ಹೆಚ್ಚು ಹೊಡೆಯುತ್ತಿದ್ದರೂ ಗೋಲ್‌ಕೀಪರ್ ವರ್ಲಾಮೊವ್ ತಂಡವನ್ನು ಎತ್ತಿ ಹಿಡಿದಿದ್ದ. ಮರುವರ್ಷ ಅದು 90 ಅಂಕಕ್ಕೆ ಇಳಿದು ಪ್ಲೇಆಫ್‌ನಿಂದ ಹೊರಗುಳಿಯಿತು.

ಆ 2014ರ ಬೇಸಿಗೆಯಲ್ಲಿ ಎಣಿಕೆಯವರಿಗೆ ತಂಡಗಳ ಬಾಗಿಲು ತೆರೆಯಿತು. ಟೊರಾಂಟೊ ಮೇಪಲ್ ಲೀಫ್ಸ್ 28 ವರ್ಷದ ಕೈಲ್ ಡೂಬಸ್‌ನನ್ನು ಸಹಾಯಕ ಜನರಲ್ ಮ್ಯಾನೇಜರ್ ಮಾಡಿತು. ಟೈಲರ್ ಡೆಲೊ ಎಡ್ಮಂಟನ್‌ಗೆ, ಪೋಕರ್ ಆಡಿ ಸಂಭವನೀಯತೆ ಕಲಿತ ಸನ್ನಿ ಮೆಹ್ತಾ ನ್ಯೂಜೆರ್ಸಿಗೆ ಹೋದರು. ಬಾರ್ನ್ಸ್ ವಾಷಿಂಗ್ಟನ್ ಕ್ಯಾಪಿಟಲ್ಸ್ ಸೇರಿದರು. 2015ರ ಫೆಬ್ರವರಿಯಲ್ಲಿ ಎನ್‌ಎಚ್‌ಎಲ್ ತಾನೇ ಹೊಡೆತದ ಯತ್ನಗಳ ಪಟ್ಟಿಯನ್ನು ಪ್ರಕಟಿಸತೊಡಗಿತು. ಅಭಿಮಾನಿಗಳು ರಾತ್ರಿ ಕೂತು ಕಟ್ಟಿದ ವಿದ್ಯೆಗೆ ಹತ್ತು ವರ್ಷದೊಳಗೆ ಇಂಥ ಮನ್ನಣೆ ಸಿಕ್ಕ ಕ್ರೀಡೆಗಳು ಕಡಿಮೆ.

ಆದರೆ ಕೋಚ್‌ಗೆ ತಂಡದ ಮೊತ್ತದಿಂದ ಹೆಚ್ಚು ಉಪಯೋಗವಿಲ್ಲ. ಅವನಿಗೆ ಬೇಕಾದದ್ದು ಲೈನ್‌ಗಳ ಲೆಕ್ಕ, ಅಲ್ಲಿ ಕಚ್ಚಾ ಅಂಕಿ ಹಲವು ಬಗೆಯಲ್ಲಿ ದಾರಿ ತಪ್ಪಿಸುತ್ತದೆ. ಮುಂದಿರುವ ತಂಡ ಹಿಂದೆ ಸರಿದು ಕಾಯುತ್ತದೆ, ಹಿಂದುಳಿದ ತಂಡ ಮೇಲೇರಿ ಹೊಡೆಯುತ್ತದೆ. ಆದ್ದರಿಂದ ಸೋಲುತ್ತಿರುವ ಹೊತ್ತಿನ ಕೋರ್ಸಿ ಉಬ್ಬಿರುತ್ತದೆ. ಸ್ಕೋರ್ ನೋಡಿ ತೂಕ ಬದಲಿಸುವ ಪದ್ಧತಿ ಇದಕ್ಕಾಗಿಯೇ ಬಂತು. ಪ್ರತಿ ಆಟಗಾರನೂ ಎಲ್ಲಿ ಶುರುಮಾಡುತ್ತಾನೆ ಎಂಬುದನ್ನೂ ನೋಡಬೇಕು. 2010-11ರ ವ್ಯಾಂಕೂವರ್ ಕನಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಕೋಚ್ ಅಲೆನ್ ವಿನ್ಯೋ ಎದುರಾಳಿಯ ಅಂಗಳದಲ್ಲಿ ಫೇಸ್‌ಆಫ್, ಅಂದರೆ ನಿಂತ ಆಟದ ಮರುಶುರು, ಬಂದಾಗ ಸೆಡಿನ್ ಅವಳಿ ಸಹೋದರರನ್ನು ಕಳಿಸುತ್ತಿದ್ದರು, ತಮ್ಮ ಗೋಲಿನ ಮುಂದೆ ಬಂದಾಗ ಮ್ಯಾನಿ ಮಲ್ಹೋತ್ರಾನನ್ನು. ಆ ಋತುವಿನಲ್ಲಿ ಡೇನಿಯಲ್ ಸೆಡಿನ್ ಗೋಲು, ಗೋಲಿಗೆ ನೆರವು ಸೇರಿದ 104 ಅಂಕಗಳೊಂದಿಗೆ ಲೀಗ್‌ನ ಅಗ್ರಸ್ಥಾನ ಪಡೆದ, ಕನಕ್ಸ್ 117 ಅಂಕ ಗಳಿಸಿ ಲೀಗ್‌ಗೇ ಮೊದಲಾಯಿತು, ಫೈನಲ್‌ನ ಏಳನೆಯ ಪಂದ್ಯದಲ್ಲಿ ಬಾಸ್ಟನ್‌ಗೆ ಸೋತಿತು. ಮಲ್ಹೋತ್ರಾನ ಕೋರ್ಸಿ ನೋಡಿ ಅವನನ್ನು ಕಳಪೆ ಎಂದವರು ಅವನಿಂದಾಗಿ ಸೆಡಿನ್‌ರಿಗೆ ಸಿಕ್ಕ ಬಿಡುವನ್ನು ನೋಡಿರಲಿಲ್ಲ. ಆ ಗಟ್ಟಿ ದುಡಿಮೆಗೆ ಅಂಕಿಯಲ್ಲಿ ನ್ಯಾಯ ಒದಗಿಸಿದ್ದು ಈ ಕ್ಷೇತ್ರ ಮಾಡಿದ ಒಳ್ಳೆಯ ಕೆಲಸಗಳಲ್ಲೊಂದು.

ಇನ್ನು ಯಾರ ಜೊತೆ ಯಾರು ಎಂಬುದು. ಮೊದಲು ಬಂದ ಉಪಾಯ ಜೊತೆಗಿದ್ದಾಗ, ಜೊತೆಗಿಲ್ಲದಾಗ ಎಂದು ಬೇರೆ ಬೇರೆ ಲೆಕ್ಕ ಇಡುವುದು. ಉದಾಹರಣೆಗೆ ಒಬ್ಬ ಸೆಂಟರ್, ಒಬ್ಬ ವಿಂಗರ್ ಜೊತೆಯಾಗಿ ಆಡಿದಾಗ ತಂಡದ ಕೋರ್ಸಿ ಶೇ. 54 ಎಂದುಕೊಳ್ಳೋಣ. ಸೆಂಟರ್ ಬೇರೆಯವರೊಂದಿಗೆ ಆಡಿದಾಗ 53, ವಿಂಗರ್ ಬೇರೆಯವರೊಂದಿಗೆ ಆಡಿದಾಗ 46. ಯಾರು ಯಾರನ್ನು ಹೊತ್ತಿದ್ದಾರೆ ಎಂಬುದು ಕೂಡಲೇ ಕಾಣುತ್ತದೆ. ಕೋಚ್‌ಗೆ ಇದರಿಂದ ಎರಡು ಯೋಚನೆ ಹೊಳೆಯಬೇಕು. ಆ ವಿಂಗರ್‌ನನ್ನು ಬದಲಿಸಿದರೆ ಲೈನ್ ಇನ್ನೂ ಏರೀತೇ? ಅಥವಾ ಆ ಸೆಂಟರ್ ಯಾರನ್ನಾದರೂ ಹೊರಬಲ್ಲನಾದ್ದರಿಂದ ಒಳ್ಳೆಯ ವಿಂಗರ್‌ನನ್ನು ಎರಡನೆಯ ಲೈನ್‌ಗೆ ಕೊಡಬಹುದೇ? ಎರಡನೆಯ ಪ್ರಶ್ನೆಯೇ ತಂಡಗಳನ್ನು ಹೆಚ್ಚು ಸುಧಾರಿಸಿದೆ.

ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ 2016ರಲ್ಲಿ ಅದನ್ನೇ ಕಂಡುಕೊಂಡಿತು. 2015ರ ಡಿಸೆಂಬರ್‌ನಲ್ಲಿ ಕೋಚ್ ಬದಲಾಗಿ ಮೈಕ್ ಸಲಿವನ್ ಬಂದಿದ್ದರು. ಮಾರ್ಚ್‌ನಲ್ಲಿ ಎವ್ಗೆನಿ ಮಾಲ್ಕಿನ್ ಗಾಯಗೊಂಡಾಗ ನಿಕ್ ಬೊನಿನೊಗೆ ಕಾರ್ಲ್ ಹೇಗೆಲಿನ್, ಫಿಲ್ ಕೆಸೆಲ್ ಜೊತೆ ಆಡುವ ಅವಕಾಶ ಬಂತು. ಮಾಲ್ಕಿನ್ ಮರಳಿದ ಮೇಲೂ ಸಲಿವನ್ ಆ ಮೂವರನ್ನು ಒಡೆಯಲಿಲ್ಲ. ಎದುರಾಳಿಗಳು ತಮ್ಮ ಅತ್ಯುತ್ತಮ ಡಿಫೆಂಡರ್‌ಗಳನ್ನು ಸಿಡ್ನಿ ಕ್ರಾಸ್ಬಿ, ಮಾಲ್ಕಿನ್‌ರ ಮೇಲೆ ಬಿಡಬೇಕಾಗಿತ್ತು. ಮೂರನೆಯ ಲೈನ್ ಮೂರನೆಯ ಜೋಡಿಯ ಎದುರು ಓಡಾಡಿತು. ಪ್ಲೇಆಫ್‌ನಲ್ಲಿ ತಂಡದ ಪರ ಅತಿ ಹೆಚ್ಚು, ಅಂದರೆ 22 ಅಂಕ ಗಳಿಸಿದವನು ಕೆಸೆಲ್. ಪೆಂಗ್ವಿನ್ಸ್ ಸ್ಯಾನ್ ಹೋಸೆಯನ್ನು 4-2ರಿಂದ ಸೋಲಿಸಿ ಕಪ್ ಗೆದ್ದಿತು. ಬಾಸ್ಟನ್ ಬ್ರೂಯಿನ್ಸ್ ಬೇರೆ ದಾರಿ ಹಿಡಿದು ಮಾರ್ಚಾಂಡ್, ಬರ್ಜರಾನ್, ಪಾಸ್ಟರ್ನಾಕ್ ಮೂವರನ್ನೂ ವರ್ಷಗಟ್ಟಲೆ ಒಂದೇ ಲೈನ್‌ನಲ್ಲಿಟ್ಟಿತು. ಪಕ್ ಹಿಡಿತದ ಲೆಕ್ಕದಲ್ಲಿ ಪ್ಯಾಟ್ರಿಸ್ ಬರ್ಜರಾನ್‌ಗೆ ಸಾಟಿಯಾದವರು ಅವನ ಪೀಳಿಗೆಯಲ್ಲಿ ಬೆರಳೆಣಿಕೆ.

ಆದರೆ ಈ ವಿಧಾನದ ಮಿತಿ ದೊಡ್ಡದು. ಯಾವುದೇ ಮೂವರು ಒಂದು ಋತುವಿನಲ್ಲಿ ಒಟ್ಟಿಗೆ ಆಡುವುದು ಕೆಲವು ನೂರು ನಿಮಿಷ ಮಾತ್ರ. 12 ಜನರಲ್ಲಿ ಮೂವರ ಕೂಟಗಳೇ 220 ಸಾಧ್ಯ. ಹೆಚ್ಚಿನವುಗಳಿಗೆ ಸಿಗುವುದು ಮುಕ್ಕಾಲು ನಿಮಿಷದ ಬಿಡಿ ಸರದಿಗಳು, ಅಂದರೆ ಶಿಫ್ಟ್‌ಗಳು. ಇಬ್ಬರು ಯಾವಾಗಲೂ ಜೊತೆಗೇ ಆಡಿದರೆ ಅವರನ್ನು ಬಿಡಿಸಿ ನೋಡಲು ದಾರಿಯೇ ಇಲ್ಲ. ಬ್ರಯನ್ ಮ್ಯಾಕ್‌ಡೊನಾಲ್ಡ್ ಮೊದಲಾದ ಗಣಿತಜ್ಞರು ಪ್ರತಿ ಶಿಫ್ಟನ್ನೂ ಒಂದು ಸಮೀಕರಣವಾಗಿ ಬರೆದು, ಜೊತೆಗಾರರ, ಎದುರಾಳಿಗಳ ಪಾಲನ್ನು ರಿಗ್ರೆಶನ್ ಎಂಬ ಸಂಖ್ಯಾಶಾಸ್ತ್ರದ ವಿಧಾನದಿಂದ ಬೇರ್ಪಡಿಸಿದರು. ಒಬ್ಬೊಬ್ಬ ಆಟಗಾರನ ಬೆಲೆ ತಿಳಿಯಲು ಅದು ಇಂದಿಗೂ ಅತ್ಯುತ್ತಮ ಸಾಧನ. ಆದರೆ ಅದರ ಮೂಲ ರೂಪ ಆಟಗಾರರ ಬೆಲೆಗಳನ್ನು ಕೂಡಿಸುತ್ತದೆ ಅಷ್ಟೇ. ಲರಿಯೊನೊವ್ ಪಾಸ್ ಕೊಡುವ ಮುನ್ನವೇ ಮಕರೊವ್ ಜಾಗ ಬಿಟ್ಟಿರುತ್ತಿದ್ದ ಎಂಬ ಹೊಂದಾಣಿಕೆಯನ್ನು ಅದು ಹಿಡಿಯುವುದಿಲ್ಲ.

ಅದೇ ಹೊತ್ತಿಗೆ ಕೆಲವರು ಹೊಡೆತದ ಹಿಂದಿನ ಕ್ಷಣವನ್ನು ಎಣಿಸತೊಡಗಿದ್ದರು. ರಸಾಯನ ವಿಜ್ಞಾನದಲ್ಲಿ ಪಿಎಚ್‌.ಡಿ. ಪಡೆದ ಎರಿಕ್ ಟಲ್ಸ್ಕಿ ಮತ್ತು ಗೆಳೆಯರು ಪಂದ್ಯಗಳನ್ನು ಮತ್ತೆ ಮತ್ತೆ ನೋಡಿ, ಎದುರಾಳಿಯ ನೀಲಿ ಗೆರೆಯನ್ನು ಪ್ರತಿ ಸಲ ಯಾರು ದಾಟಿದರು, ಪಕ್ ಹಿಡಿದು ದಾಟಿದರೇ ಅಥವಾ ಎಸೆದು ಅಟ್ಟಿದರೇ ಎಂದು ಬರೆದುಕೊಂಡರು. 2013ರಲ್ಲಿ ಕ್ರೀಡಾ ವಿಶ್ಲೇಷಣೆಯ ಸ್ಲೋನ್ ಸಮ್ಮೇಳನದಲ್ಲಿ ಅವರು ಮಂಡಿಸಿದ ಫಲಿತಾಂಶ ಸರಳ: ಪಕ್ ಹಿಡಿದು ಒಳಹೋದರೆ, ಎಸೆದು ಅಟ್ಟುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಹೊಡೆತಗಳು ಬರುತ್ತವೆ. ಸೋವಿಯತ್ ಕೋಚ್‌ಗಳ ಹಳೆಯ ನಂಬಿಕೆಗೆ ಈಗ ಅಂಕಿ ಸಿಕ್ಕಿತ್ತು. ಟಲ್ಸ್ಕಿಯ ಜೊತೆಗಿದ್ದ ಕೋರಿ ಸ್ನೈಡರ್ 2013-14ರ ಋತುವಿನ ಪಂದ್ಯಗಳನ್ನು ಒಂದೊಂದಾಗಿ ನೋಡಿ ಈ ಲೆಕ್ಕವನ್ನು ಕೈಯಲ್ಲೇ ಬರೆದುಕೊಂಡರು. ನಿಲ್ಲಿಸು, ಹಿಂದಕ್ಕೆ ಓಡಿಸು, ಅಂಗಿಯ ಸಂಖ್ಯೆ ನೋಡು, ಬರೆದುಕೋ: ಇಂಥ ತಾಳ್ಮೆಯ ದುಡಿಮೆಗೆ ನಾನು ತಲೆಬಾಗುತ್ತೇನೆ. ಲೈನ್ ಕಟ್ಟುವವರಿಗೆ ಇದರಷ್ಟು ಉಪಯುಕ್ತ ಮಾಹಿತಿ ಇನ್ನೊಂದಿಲ್ಲ. ಮೂವರಲ್ಲಿ ಒಬ್ಬನಾದರೂ ಪಕ್ ಹಿಡಿದು ಗೆರೆ ದಾಟಬಲ್ಲವನಾಗಿರಬೇಕು. ಅಂಥವನೇ ಇಲ್ಲದ ಲೈನ್ ಎಷ್ಟು ಓಡಿದರೂ ಮೂಲೆಯಲ್ಲೇ ಬೆವರು ಸುರಿಸುತ್ತದೆ.

ಕೋರ್ಸಿಯ ಮೇಲಿನ ಹಳೆಯ ಆಕ್ಷೇಪ, ಎಲ್ಲ ಹೊಡೆತವೂ ಒಂದೇ ಬೆಲೆಯೇ ಎಂಬುದು, ನಿರೀಕ್ಷಿತ ಗೋಲುಗಳ ಮಾದರಿಗಳಿಗೆ ದಾರಿ ಮಾಡಿತು. ದೂರ, ಕೋನ, ಮರುಪುಟಿದ ಪಕ್ಕೋ ಅಲ್ಲವೋ ಎಂಬುದನ್ನೆಲ್ಲ ನೋಡಿ ಪ್ರತಿ ಹೊಡೆತಕ್ಕೂ ಗೋಲಾಗುವ ಸಂಭವ ಹಚ್ಚುವುದು ಇದರ ಕ್ರಮ. ಮಾಜಿ ಗೋಲ್‌ಕೀಪರ್ ಸ್ಟೀವ್ ವ್ಯಾಲಿಕೆಟ್ ಗೋಲಿನ ಮುಂದೆ ಅಡ್ಡಲಾಗಿ ಸಾಗುವ ಪಾಸ್‌ನ ಮಹತ್ವವನ್ನು ತೋರಿಸಿಕೊಟ್ಟರು. ರಯನ್ ಸ್ಟಿಮ್ಸನ್ ಸ್ವಯಂಸೇವಕರನ್ನು ಕೂಡಿಸಿ ಹೊಡೆತಕ್ಕೆ ಮುಂಚಿನ ಪಾಸ್‌ಗಳನ್ನೇ ಎಣಿಸಿದರು. 2021-22ರಿಂದ ಎನ್‌ಎಚ್‌ಎಲ್‌ನ ಪ್ರತಿ ಕ್ರೀಡಾಂಗಣದಲ್ಲೂ ಕ್ಯಾಮೆರಾಗಳು ಪಕ್ಕನ್ನೂ ಆಟಗಾರರನ್ನೂ ಹಿಂಬಾಲಿಸುತ್ತಿವೆ. 2023ರ ಅಕ್ಟೋಬರ್‌ನಲ್ಲಿ ಅದರ ಒಂದಿಷ್ಟು ಭಾಗ ಸಾರ್ವಜನಿಕರಿಗೂ ಸಿಕ್ಕಿತು.

ಇಷ್ಟೆಲ್ಲ ಆದ ಮೇಲೂ ಪಕ್ ಹಿಡಿತವೊಂದೇ ಕಪ್ ತರುವುದಿಲ್ಲ. 2014-15ರಲ್ಲಿ ಕಿಂಗ್ಸ್ ಹೊಡೆತದ ಯತ್ನಗಳಲ್ಲಿ ಮುಂಚೂಣಿಯಲ್ಲಿದ್ದೂ ಪ್ಲೇಆಫ್ ತಪ್ಪಿಸಿಕೊಂಡಿತು. ರಾಡ್ ಬ್ರಿಂಡಾಮೋರ್ ಕೋಚ್ ಆದ 2018ರಿಂದ ಕೆರೊಲಿನಾ ಹರಿಕೇನ್ಸ್ ಈ ಲೆಕ್ಕದಲ್ಲಿ ಸತತವಾಗಿ ಮೇಲಿನ ಸಾಲಿನಲ್ಲಿದೆ. 2023ರಲ್ಲಿ ಫ್ಲಾರಿಡಾ ಪ್ಯಾಂಥರ್ಸ್ ಎದುರು ಅದು ನಾಲ್ಕಕ್ಕೆ ನಾಲ್ಕೂ ಪಂದ್ಯ ಸೋತಿತು, ನಾಲ್ಕೂ ಒಂದೊಂದೇ ಗೋಲಿನಿಂದ. ಅಂಕಿ ಸುಳ್ಳು ಎಂದು ಇದರಿಂದ ಸಾಬೀತಾಗುವುದಿಲ್ಲ. ಎದುರಾಳಿ ಗೋಲ್‌ಕೀಪರ್ ಅಸಾಧಾರಣವಾಗಿ ಆಡಿದ ನಾಲ್ಕು ರಾತ್ರಿಗಳಲ್ಲಿ ಏನು ಬೇಕಾದರೂ ಆಗಬಹುದು. ಆದರೂ ಎಲ್ಲ ಕಡೆಯಿಂದ ಹೊಡೆಯುವ ಲೈನ್‌ಗಳ ಜೊತೆಗೆ, ಕಾದು ಒಂದೇ ಏಟಿಗೆ ಮುಗಿಸುವ ಲೈನ್ ಒಂದಾದರೂ ಬೇಕು ಎಂಬುದು ಆ ಸರಣಿಯಿಂದ ನಾನು ಕಲಿತದ್ದು. ಆ ಟಲ್ಸ್ಕಿಯೇ 2024ರ ಜೂನ್‌ನಲ್ಲಿ ಕೆರೊಲಿನಾದ ಜನರಲ್ ಮ್ಯಾನೇಜರ್ ಆದರು. 2024, 2025ರಲ್ಲಿ ಎರಡು ಸಲ ಕಪ್ ಎತ್ತಿದ ಫ್ಲಾರಿಡಾದಲ್ಲಿ ವಿಶ್ಲೇಷಣೆಯ ಹೊಣೆ ಹೊತ್ತಿದ್ದವರು ಸನ್ನಿ ಮೆಹ್ತಾ.

ಮಂಜಿಲ್ಲದ ನಮ್ಮ ನಾಡಿಗೂ ಈ ಲೆಕ್ಕ ಒದಗೀತು. ಹಾಕಿ ಅಂದರೆ ನಮಗೆ ಕೊಡಗು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಈಗ 300ಕ್ಕೂ ಹೆಚ್ಚು ಒಕ್ಕಗಳ ತಂಡಗಳು ಬರುತ್ತವೆ. ಹುಲ್ಲಿನ ಮೇಲಿನ ಆಟದಲ್ಲೂ ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ನೀಲಿ ಗೆರೆಯ ಜಾಗದಲ್ಲಿ ಗೋಲಿನ ಮುಂದಿನ ವೃತ್ತವಿದೆ. ಐಸ್ ಹಾಕಿಯಲ್ಲಿ ಈ ವಿದ್ಯೆಯನ್ನು ಕಟ್ಟಿದವರು ಕ್ಯಾಮೆರಾ ಕಂಪನಿಗಳಲ್ಲ, ನೋಟ್‌ಪುಸ್ತಕ ಹಿಡಿದು ಕೂತ ನೋಡುಗರು. ಮುಂದಿನ ಹಬ್ಬಕ್ಕೆ ಹೋಗುವ ಹುಡುಗ ಹುಡುಗಿಯರಲ್ಲಿ ಒಂದಿಬ್ಬರಾದರೂ ಹಾಗೆ ಕೂತು, ವೃತ್ತದೊಳಗೆ ಯಾರು ಚೆಂಡು ಒಯ್ದರು, ಯಾರು ದೂರದಿಂದ ಹೊಡೆದು ಅಟ್ಟಿದರು, ಆಗ ಅಂಗಳದಲ್ಲಿ ಯಾರ್ಯಾರಿದ್ದರು ಎಂದು ಬರೆದುಕೊಳ್ಳಲಿ. ಆ ಲೆಕ್ಕವನ್ನು ತಮ್ಮ ತಂಡದ ಕೋಚ್‌ಗೆ ತೋರಿಸಲಿ.